ಪರ್ಮುಟೇಶನ್, ಕಾಂಬಿನೇಶನ್: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಈ ಚಾಪ್ಟರ್‌ನಲ್ಲಿ ಇರೋದು ನಾಲ್ಕೈದು ಫಾರ್ಮುಲಾ ಅಷ್ಟೇ, ಬಾಯಿಪಾಠ ಮಾಡೋಕೆ ಅರ್ಧ ಗಂಟೆ ಸಾಕು, ಆದ್ರೂ ಲೆಕ್ಕ ಕಣ್ಮುಂದೆ ಬಂದಾಗ ಯಾವ್ದು ಹಾಕ್ಬೇಕು ಅಂತಾನೇ ಗೊತ್ತಾಗಲ್ಲ ಅನ್ನೋರೇ ಜಾಸ್ತಿ. ನನ್ನ ಪ್ರಕಾರ ತೊಂದ್ರೆ ಫಾರ್ಮುಲಾದ್ದಲ್ಲ. ಯಾವ ಎರಡನ್ನ "ಒಂದೇ" ಅಂತ ಲೆಕ್ಕ ಹಿಡೀಬೇಕು, ಯಾವ್ದನ್ನ "ಬೇರೆ ಬೇರೆ" ಅಂತ ಹಿಡೀಬೇಕು ಅನ್ನೋದನ್ನ ತೀರ್ಮಾನ ಮಾಡ್ದೇನೇ ಪೆನ್ನು ಎತ್ಕೊಂಡ್ಬಿಡ್ತೀವಿ, ಅಲ್ಲಿಂದಾನೇ ದಾರಿ ತಪ್ಪೋದು. ಕೆಳಗಿನ ಉತ್ತರಗಳನ್ನ ಅದನ್ನೇ ತಲೇಲಿಟ್ಕೊಂಡು ಓದಿ.

ಪ್ರ: ಪರ್ಮುಟೇಶನ್‌ಗೂ ಕಾಂಬಿನೇಶನ್‌ಗೂ ವ್ಯತ್ಯಾಸ ಏನು, ಸಿಂಪಲ್ಲಾಗಿ ಹೇಳಿ?

ಆರಿಸ್ಕೊಂಡಿರೋದ್ರಲ್ಲಿ ಯಾವ್ದಾದ್ರೂ ಎರಡನ್ನ ಅದಲು ಬದಲು ಮಾಡಿ ನೋಡಿ. ಹೊಸ ಫಲಿತಾಂಶ ಬಂತು ಅಂದ್ರೆ ಪರ್ಮುಟೇಶನ್, ಪಠ್ಯಪುಸ್ತಕದಲ್ಲಿ ಕ್ರಮಯೋಜನೆ ಅಂತಾರಲ್ಲ ಅದು. ಏನೂ ಬದಲಾಗ್ಲಿಲ್ಲ ಅಂದ್ರೆ ಕಾಂಬಿನೇಶನ್, ಅಂದ್ರೆ ವಿಕಲ್ಪ.

10 ಜನ ಇದಾರೆ ಅನ್ಕೊಳ್ಳಿ. ಅವರಲ್ಲಿ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ ಬೇಕು ಅಂದ್ರೆ 10 × 9 × 8 = 720 ರೀತಿ. ಸುಮ್ನೆ ಮೂರು ಜನರ ಒಂದು ಸಮಿತಿ ಬೇಕು, ಹುದ್ದೆ ಗಿದ್ದೆ ಏನಿಲ್ಲ ಅಂದ್ರೆ 120 ಮಾತ್ರ. ಅದೇ ಮೂರು ಜನಕ್ಕೆ ಮೂರು ಹುದ್ದೆ ಹಂಚೋಕೆ 6 ರೀತಿ ಇದೆ, ಹುದ್ದೇನೇ ಇಲ್ಲ ಅಂದಾಗ ಆ ಆರೂ ಒಂದೇ ಆಗೋಗುತ್ತೆ, 720ನ 6ರಿಂದ ಭಾಗಿಸಿದ್ರೆ 120.

ಇನ್ನೊಂದು, ಪ್ರಶ್ನೇಲಿ "ಆರಿಸಿ" ಅಂತಿದ್ರೆ ಕಾಂಬಿನೇಶನ್, "ಜೋಡಿಸಿ" ಅಂತಿದ್ರೆ ಪರ್ಮುಟೇಶನ್ ಅಂತ ಹೇಳಿಕೊಡ್ತಾರಲ್ಲ, ಅದನ್ನ ನಂಬ್ಕೊಂಡು ಕೂರ್ಬೇಡಿ. "ಅಧ್ಯಕ್ಷ ಮತ್ತು ಕಾರ್ಯದರ್ಶಿಯನ್ನು ಆರಿಸಿ" ಅನ್ನೋದ್ರಲ್ಲೂ "ಆರಿಸಿ" ಇದೆ, ಆದ್ರೆ ಅಲ್ಲಿ ಕ್ರಮ ಮುಖ್ಯ.

ಪ್ರ: ಎಲ್ಲಿ ಕೂಡ್ಬೇಕು, ಎಲ್ಲಿ ಗುಣಿಸ್ಬೇಕು?

ಒಂದು ಕೆಲಸ ಮುಗಿಯೋಕೆ ಇದೂ ಆಗ್ಬೇಕು ಅದೂ ಆಗ್ಬೇಕು ಅಂದ್ರೆ ಗುಣಾಕಾರ. ಇದಾದ್ರೂ ಸರಿ ಅದಾದ್ರೂ ಸರಿ ಅಂದ್ರೆ ಸಂಕಲನ. ಆದ್ರೆ ಎರಡಕ್ಕೂ ಒಂದೊಂದು ಕಂಡೀಶನ್ ಇದೆ, ಅದನ್ನ ಯಾರೂ ಗಟ್ಟಿಯಾಗಿ ಹೇಳಲ್ಲ. ಕೂಡೋವಾಗ ಎರಡು ಗುಂಪಲ್ಲೂ ಬರೋ ಕಾಮನ್ ಐಟಂ ಇರಬಾರ್ದು, ಇದ್ರೆ ಅದನ್ನ ಒಂದ್ಸಲ ಕಳೀಬೇಕು. ಗುಣಿಸೋವಾಗ ಮೊದಲನೇ ಹಂತದಲ್ಲಿ ಏನೇ ಆರಿಸಿದ್ರೂ ಎರಡನೇ ಹಂತದಲ್ಲಿ ಉಳಿಯೋ ಆಯ್ಕೆಗಳ *ಸಂಖ್ಯೆ* ಒಂದೇ ಇರ್ಬೇಕು. ಆಯ್ಕೆಗಳು ಬೇರೆ ಆದ್ರೂ ಪರ್ವಾಗಿಲ್ಲ, ಸಂಖ್ಯೆ ಮಾತ್ರ ಬದಲಾಗಬಾರ್ದು. ಬದಲಾಗುತ್ತೆ ಅಂದ್ರೆ ಕೇಸ್ ಮಾಡಿ, ಒಂದೊಂದೇ ಕೇಸ್ ಲೆಕ್ಕ ಹಾಕಿ ಕೊನೇಲಿ ಕೂಡಿ.

ಪ್ರ: ಫ್ಯಾಕ್ಟೋರಿಯಲ್ ಅಂದ್ರೆ ಏನು? 0! = 1 ಹೇಗೆ, ಸೊನ್ನೆ ಆಗ್ಬೇಕಲ್ವಾ?

5! ಅಂದ್ರೆ 5 × 4 × 3 × 2 × 1 = 120, ಅಂದ್ರೆ ಐದು ಬೇರೆ ಬೇರೆ ವಸ್ತುಗಳನ್ನ ಸಾಲಾಗಿ ಇಡೋ ರೀತಿಗಳು. ಈ ಆಶ್ಚರ್ಯಸೂಚಕ ಚಿಹ್ನೆ ಬಂದಿದ್ದು 1808ರಲ್ಲಿ, ಕ್ರಿಶ್ಚಿಯನ್ ಕ್ರಾಂಪ್ ಅನ್ನೋರಿಂದ.

0! ಬಗ್ಗೆ ಹೀಗೆ ನೋಡಿ. 4! ಬೇಕು ಅಂದ್ರೆ 5!ನ 5ರಿಂದ ಭಾಗಿಸಿ, 3! ಬೇಕು ಅಂದ್ರೆ 4!ನ 4ರಿಂದ ಭಾಗಿಸಿ, ಹಾಗೇ ಇಳೀತಾ ಬಂದು 1!ನ 1ರಿಂದ ಭಾಗಿಸಿದ್ರೆ 0! ಸಿಗುತ್ತೆ, ಅದು 1. ಇನ್ನೊಂದು ಕಡೆಯಿಂದ ನೋಡಿದ್ರೂ ಅಷ್ಟೇ, 5 ಜನರಲ್ಲಿ ಐದೂ ಜನರನ್ನ ಆರಿಸೋಕೆ ಒಂದೇ ರೀತಿ ಇರೋದು ಅಂತ ಮಕ್ಕಳಿಗೂ ಗೊತ್ತು, ಫಾರ್ಮುಲಾ ಪ್ರಕಾರ ಅದು 5! ÷ (5! × 0!), ಇದು 1 ಬರ್ಬೇಕು ಅಂದ್ರೆ 0! ಬೇರೆ ಏನೂ ಆಗೋಕೆ ಸಾಧ್ಯ ಇಲ್ಲ.

ಪ್ರ: ಫಾರ್ಮುಲಾ ಎಲ್ಲಿಂದ ಬಂತು? ಬಾಯಿಪಾಠ ಮಾಡ್ದೆ ಇರೋಕಾಗುತ್ತಾ?

ಆಗುತ್ತೆ, ಆಗ್ಲೇಬೇಕು. ಅ, ಆ, ಇ, ಈ, ಉ ಅಂತ ಐದು ಅಕ್ಷರ ತಗೊಳ್ಳಿ, ಮೂರನ್ನ ಆರಿಸ್ಬೇಕು.

ಮೊದ್ಲು ಕ್ರಮ ಮುಖ್ಯ ಅನ್ಕೊಂಡು ಎಣಿಸಿ: ಮೊದಲ ಜಾಗಕ್ಕೆ 5, ಎರಡನೇದಕ್ಕೆ 4, ಮೂರನೇದಕ್ಕೆ 3, ಒಟ್ಟು 60. ಇದೇ 5ಪಿ3. ಈಗ ಈ ಅರವತ್ತರ ಪಟ್ಟೀಲಿ ಅ, ಆ, ಇ ಮೂರೇ ಇರೋ ಸಾಲುಗಳನ್ನ ಹುಡುಕಿದ್ರೆ ಅಆಇ, ಅಇಆ, ಆಅಇ, ಆಇಅ, ಇಅಆ, ಇಆಅ, ಆರು ಸಿಗುತ್ತೆ. ಬೇರೆ ಯಾವ ಮೂರು ಅಕ್ಷರ ತಗೊಂಡ್ರೂ ಸರಿಯಾಗಿ ಆರೇ ಸಾಲು. ಅಂದ್ರೆ ಪ್ರತಿಯೊಂದು ಗುಂಪನ್ನೂ ಆರಾರು ಸಲ ಎಣಿಸಿದೀವಿ, ಹಾಗಾಗಿ 60 ÷ 6 = 10, ಇದು 5ಸಿ3. ನಂಬಿಕೆ ಬರ್ಲಿಲ್ಲ ಅಂದ್ರೆ ಪೂರ್ತಿ ಬರ್ದು ನೋಡಿ: ಅಆಇ, ಅಆಈ, ಅಆಉ, ಅಇಈ, ಅಇಉ, ಅಈಉ, ಆಇಈ, ಆಇಉ, ಆಈಉ, ಇಈಉ. ಹತ್ತೇ.

ಒಟ್ಟು ಎನ್ ವಸ್ತು, ಆರಿಸೋದು ಆರ್ ಅಂದ್ರೆ, ಎನ್‌ನಿಂದ ಶುರು ಮಾಡಿ ಒಂದೊಂದೇ ಕಮ್ಮಿ ಮಾಡ್ತಾ ಆರ್ ಸಂಖ್ಯೆಗಳನ್ನ ಗುಣಿಸಿದ್ರೆ ಎನ್‌ಪಿಆರ್, ಅದನ್ನ ಆರ್ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿದ್ರೆ ಎನ್‌ಸಿಆರ್. ಪ್ರತಿಯೊಂದನ್ನೂ ಅಷ್ಟಷ್ಟೇ ಸಲ ಜಾಸ್ತಿ ಎಣಿಸಿದೀವಿ, ಅದಕ್ಕೇ ಭಾಗಾಕಾರ. ಈ "ಅಷ್ಟಷ್ಟೇ ಸಲ" ಅನ್ನೋದನ್ನ ನೆನಪಿಟ್ಕೊಳ್ಳಿ, ಅದು ಸುಳ್ಳಾದಾಗ ಏನಾಗುತ್ತೆ ಅಂತ ಕೆಳಗೆ ಎರಡು ಕಡೆ ಬರುತ್ತೆ.

ಪ್ರ: 100ಸಿ3 ಕೇಳಿದಾರೆ, 100 ಫ್ಯಾಕ್ಟೋರಿಯಲ್ ಹೇಗ್ರೀ ಮಾಡೋದು?

ಮಾಡ್ಲೇಬೇಡಿ. ಮೇಲೆ ಮೂರು ಸಂಖ್ಯೆ, ಕೆಳಗೆ ಮೂರು ಸಂಖ್ಯೆ: (100 × 99 × 98) ÷ (3 × 2 × 1) = 161700, ಮುಗೀತು. 100ಸಿ97 ಕೇಳಿದ್ರೂ ಇದೇ ಉತ್ತರ, ಯಾಕಂದ್ರೆ 97ನ್ನ ಆರಿಸೋದೂ ಒಂದೇ, ಬಿಡೋ ಮೂರನ್ನ ಆರಿಸೋದೂ ಒಂದೇ. ದೊಡ್ಡ ಆರ್ ಕಂಡ ತಕ್ಷಣ ಎನ್‌ನಿಂದ ಕಳೆದು ಚಿಕ್ಕದು ಮಾಡ್ಕೊಳ್ಳಿ.

ಪ್ರ: ಒಂದನ್ನೇ ಮತ್ತೆ ಮತ್ತೆ ಬಳಸ್ಬಹುದು ಅಂದ್ರೆ?

ಆಗ ಕಮ್ಮಿ ಮಾಡ್ತಾ ಹೋಗೋ ಹಾಗಿಲ್ಲ, ಪ್ರತಿ ಜಾಗಕ್ಕೂ ಪೂರ್ತಿ ಆಯ್ಕೆ ಇರುತ್ತೆ. ನಾಲ್ಕು ಅಂಕಿ ಪಿನ್ ನಂಬರ್ ಅಂದ್ರೆ 10 × 10 × 10 × 10 = 10000. ಅಂಕಿ ರಿಪೀಟ್ ಆಗಬಾರ್ದು ಅಂದ್ರೆ 10 × 9 × 8 × 7 = 5040, ಅಂದ್ರೆ ರಿಪೀಟ್ ಬೇಡ ಅನ್ನೋ ರೂಲ್ ಹಾಕಿದ್ರೆ ಊಹಿಸೋನಿಗೆ ಕೆಲಸ ಹತ್ರ ಹತ್ರ ಅರ್ಧ ಉಳೀತು.

ಪಿನ್ ಬೇರೆ, ನಾಲ್ಕಂಕಿಯ *ಸಂಖ್ಯೆ* ಬೇರೆ. ಪಿನ್ 0472 ಆಗ್ಬಹುದು, ಸಂಖ್ಯೆ ಆಗಲ್ಲ. ನಾಲ್ಕಂಕಿ ಸಂಖ್ಯೆಗಳು 9 × 10 × 10 × 10 = 9000, ರಿಪೀಟ್ ಇಲ್ದೇ ಇದ್ರೆ 9 × 9 × 8 × 7 = 4536. ಎರಡನೇ ಜಾಗಕ್ಕೆ ಮತ್ತೆ 9 ಹೇಗೆ ಬಂತು ಅಂತ ಕೇಳೋರಿದಾರೆ: ಮೊದಲ ಜಾಗದಲ್ಲಿ ಒಂದು ಅಂಕಿ ಹೋಯ್ತು, ಆದ್ರೆ ಅಲ್ಲಿ ನಿಷೇಧ ಆಗಿದ್ದ ಸೊನ್ನೆ ಇಲ್ಲಿ ವಾಪಸ್ ಬಂತು. ಕಂಡೀಶನ್ ಇರೋ ಜಾಗವನ್ನ ಮೊದ್ಲು ತುಂಬಿ, ಫ್ರೀಯಾಗಿರೋ ಜಾಗಗಳನ್ನ ಆಮೇಲೆ ತುಂಬಿ. ಉಲ್ಟಾ ಮಾಡಿದ್ರೆ ಕೊನೇಲಿ ಸಿಕ್ಕಾಕೊಳ್ತೀರ.

ಪ್ರ: ಪದದ ಅಕ್ಷರಗಳು ರಿಪೀಟ್ ಆಗಿದ್ರೆ ಎಷ್ಟು ರೀತಿ ಜೋಡಿಸ್ಬಹುದು?

"ಸರಸರ" ತಗೊಳ್ಳಿ. ನಾಲ್ಕು ಅಕ್ಷರ, 4! = 24 ಅಂತ ಬರ್ದುಬಿಟ್ರೆ ತಪ್ಪು. ಎರಡು "ಸ"ಗಳಲ್ಲಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಹಚ್ಚಿದ್ರೆ, "ರ"ಗಳಿಗೂ ಹಾಗೇ ಮಾಡಿದ್ರೆ ಆಗ 24 ಸರಿ. ಬಣ್ಣ ಒರೆಸಿದ್ರೆ ಸ-ಗಳನ್ನ ಅದಲು ಬದಲು ಮಾಡಿದ್ದು ಕಾಣಲ್ಲ, ರ-ಗಳದ್ದೂ ಕಾಣಲ್ಲ, ಹಾಗಾಗಿ ಒಂದೊಂದು ಸಾಲನ್ನೂ 2! × 2! = 4 ಸಲ ಎಣಿಸಿದೀವಿ. 24 ÷ 4 = 6. ಸಸರರ, ಸರಸರ, ಸರರಸ, ರಸಸರ, ರಸರಸ, ರರಸಸ. ಅಷ್ಟೇ, ಏಳನೇದು ಹುಡುಕಿದ್ರೂ ಸಿಗಲ್ಲ.

ಕನ್ನಡದಲ್ಲಿ ಈ ಥರ ಲೆಕ್ಕ ಮಾಡೋವಾಗ ಯುನಿಟ್ ಏನು ಅಂತ ಮೊದ್ಲೇ ಹೇಳ್ಬಿಡಿ. ಒತ್ತಕ್ಷರ, ಗುಣಿತ ಸೇರಿಸಿ ಪೂರ್ತಿ ಅಕ್ಷರ ಒಂದು ಯುನಿಟ್ ಅಂತ ಹಿಡಿಯೋದೇ ವಾಸಿ, ಇಲ್ಲ ಅಂದ್ರೆ "ಸ್ತ್ರೀ" ಒಂದೋ ನಾಲ್ಕೋ ಅನ್ನೋ ಜಗಳ ಶುರುವಾಗುತ್ತೆ.

ಪ್ರ: "ಕನಿಷ್ಠ ಒಬ್ಬರು" ಅಂತ ಬಂದಾಗ ಯಾವಾಗ್ಲೂ ತಪ್ಪಾಗುತ್ತೆ, ಯಾಕೆ?

ಇದು ಇಡೀ ಚಾಪ್ಟರ್‌ನಲ್ಲಿ ಅತಿ ಹೆಚ್ಚು ಜನ ಜಾರಿ ಬೀಳೋ ಜಾಗ, ಸ್ವಲ್ಪ ನಿಧಾನವಾಗಿ ನೋಡೋಣ.

7 ಗಂಡಸರು, 5 ಹೆಂಗಸರು. 4 ಜನರ ಸಮಿತಿ ಬೇಕು, ಅದರಲ್ಲಿ ಕನಿಷ್ಠ ಒಬ್ಬ ಹೆಂಗಸು ಇರ್ಲೇಬೇಕು. ಹೆಚ್ಚಿನವರು ಮಾಡೋದು ಹೀಗೆ: ಮೊದ್ಲು ಒಬ್ಬ ಹೆಂಗಸನ್ನ ಆರಿಸ್ಬಿಡೋಣ, 5 ರೀತಿ, ಕಂಡೀಶನ್ ಪೂರೈಸ್ತು, ಉಳಿದ 11 ಜನರಲ್ಲಿ ಯಾರಾದ್ರೂ ಮೂರು ಜನ ಆಗ್ಲಿ, 11ಸಿ3 = 165, ಒಟ್ಟು 5 × 165 = 825. ಕೇಳೋಕೆ ಎಷ್ಟು ಚೆನ್ನಾಗಿದೆ! ಆದ್ರೆ ಕಂಡೀಶನ್ನೇ ಇಲ್ದೆ 12 ಜನರಲ್ಲಿ 4 ಜನರನ್ನ ಆರಿಸೋ ರೀತಿಗಳೇ 12ಸಿ4 = 495. ಕಂಡೀಶನ್ ಹಾಕಿದ್ಮೇಲೆ ಅದು ಹೇಗೆ ಜಾಸ್ತಿ ಆಗೋಕೆ ಸಾಧ್ಯ?

ಎಡವಟ್ಟು ಎಲ್ಲಾಯ್ತು ಅಂದ್ರೆ, ಸಮಿತೀಲಿ ಇಬ್ಬರು ಹೆಂಗಸರಿದ್ರೆ, ಹೆ1 ಮತ್ತು ಹೆ2 ಅನ್ಕೊಳ್ಳಿ, ಹೆ1ನ ಮೊದ್ಲು ಆರಿಸಿ ಹೆ2ನ ಉಳಿದವರ ಜೊತೆ ಆರಿಸಿದಾಗ ಒಂದ್ಸಲ, ಹೆ2ನ ಮೊದ್ಲು ಆರಿಸಿ ಹೆ1ನ ಆಮೇಲೆ ಆರಿಸಿದಾಗ ಇನ್ನೊಂದ್ಸಲ, ಹೀಗೆ ಅದೇ ಸಮಿತೀನ ಎರಡು ಸಲ ಎಣಿಸಿದ್ವಿ. ಮೂವರಿದ್ರೆ ಮೂರು ಸಲ, ನಾಲ್ವರೂ ಹೆಂಗಸರೇ ಆದ್ರೆ ನಾಲ್ಕು ಸಲ.

ಬಿಡಿಬಿಡಿಯಾಗಿ ಎಣಿಸಿ ನೋಡಿ. ಸರಿಯಾಗಿ ಒಬ್ಬ ಹೆಂಗಸು ಇರೋ ಸಮಿತಿಗಳು 5 × 35 = 175. ಇಬ್ಬರು ಇರೋದು 10 × 21 = 210. ಮೂವರು ಇರೋದು 10 × 7 = 70. ನಾಲ್ವರು ಇರೋದು 5. ಕೂಡಿದ್ರೆ 460. ಇನ್ನು ಆ ತಪ್ಪು ದಾರೀಲಿ ಇವನ್ನೇ 1, 2, 3, 4 ಸಲ ಎಣಿಸಿರೋದ್ರಿಂದ 175 + 420 + 210 + 20, ಎಷ್ಟಾಯ್ತು? ಕರೆಕ್ಟಾಗಿ 825. ತಪ್ಪು ಉತ್ತರ ಕೂಡ ಸುಮ್ಸುಮ್ನೆ ಬಂದಿಲ್ಲ, ಅದಕ್ಕೂ ಲೆಕ್ಕ ಇದೆ ನೋಡಿ.

ಇಲ್ಲಿ ಯಾಕೆ ಭಾಗಾಕಾರ ಮಾಡಿ ಸರಿ ಮಾಡೋಕಾಗಲ್ಲ ಅಂದ್ರೆ ಒಂದೊಂದು ಸಮಿತೀನ ಒಂದೊಂದು ಥರ ಜಾಸ್ತಿ ಎಣಿಸಿದೀವಿ, ಎಲ್ಲಾನೂ ಅಷ್ಟಷ್ಟೇ ಸಲ ಅಲ್ಲ. ಶಾರ್ಟ್‌ಕಟ್ ಬೇಕು ಅಂದ್ರೆ ಹಿಂಬಾಗಿಲಿಂದ ಬನ್ನಿ: ಒಟ್ಟು 495, ಅದರಲ್ಲಿ ಹೆಂಗಸರೇ ಇಲ್ದಿರೋದು 7ಸಿ4 = 35, ಕಳೆದ್ರೆ 460. "ಕನಿಷ್ಠ ಒಂದು" ಅಂತ ಕಂಡ್ರೆ ಸಾಕು, ಒಟ್ಟು ಮೈನಸ್ "ಒಂದೂ ಇಲ್ಲ". "ಕನಿಷ್ಠ ಎರಡು" ಅಂತಿದ್ರೆ ಒಟ್ಟಿನಲ್ಲಿ "ಒಂದೂ ಇಲ್ಲ" ಮತ್ತು "ಸರಿಯಾಗಿ ಒಂದು" ಎರಡನ್ನೂ ಕಳೀಬೇಕು, 495 − 35 − 175 = 285.

ಪ್ರ: ಇಬ್ಬರು ಅಕ್ಕಪಕ್ಕ ಕೂರ್ಬೇಕು, ಅಥವಾ ಕೂರಲೇಬಾರ್ದು ಅಂದ್ರೆ?

ಅಕ್ಕಪಕ್ಕ ಬೇಕು ಅಂದ್ರೆ ಇಬ್ಬರನ್ನೂ ಸೇರಿಸಿ ಒಂದೇ ಆಳು ಅಂತ ಮಾಡ್ಕೊಳ್ಳಿ. 5 ಜನ ಇದ್ರೆ ಈಗ 4 ಯುನಿಟ್, 4! = 24, ಒಳಗೆ ಅವರಿಬ್ಬರು ಎಡ ಬಲ ಬದಲಾಗ್ಬಹುದು, ×2, ಒಟ್ಟು 48. ಅಕ್ಕಪಕ್ಕ ಕೂರಬಾರ್ದು ಅಂದ್ರೆ 120 − 48 = 72.

ಮೂರು ಜನ ಬಂದಾಗ ಹುಷಾರು. 5 ಹುಡುಗರು, 3 ಹುಡುಗೀರು ಸಾಲಾಗಿ ನಿಲ್ಬೇಕು, ಯಾವ ಇಬ್ಬರು ಹುಡುಗೀರೂ ಪಕ್ಕಪಕ್ಕ ಬರಬಾರ್ದು. ಮೇಲಿನ ಥರಾನೇ 8! − 6! × 3! = 40320 − 4320 = 36000 ಅಂತ ಬರೆದ್ರೆ ಅದು ಬೇರೆ ಪ್ರಶ್ನೆಗೆ ಉತ್ತರ: "ಮೂವರೂ ಒಟ್ಟಿಗೆ ಇರಬಾರ್ದು" ಅನ್ನೋದಕ್ಕೆ. ಅದರಲ್ಲಿ ಇಬ್ಬರು ಪಕ್ಕಪಕ್ಕ ನಿಂತು ಒಬ್ಬಳು ದೂರ ಇರೋದೂ ಸೇರ್ಕೊಂಡಿದೆ. ನಮಗೆ ಬೇಕಾಗಿರೋದಕ್ಕೆ ಮೊದ್ಲು ಹುಡುಗರನ್ನ ನಿಲ್ಲಿಸಿ, 5! = 120, ಅವರ ನಡುವೆ 4 ಸಂದು, ಎರಡು ತುದೀಲಿ 2, ಒಟ್ಟು 6 ಸಂದು, ಮೂರು ಹುಡುಗೀರನ್ನ ಬೇರೆ ಬೇರೆ ಸಂದಿಗೆ ಕಳ್ಸೋಕೆ 6 × 5 × 4 = 120. ಒಟ್ಟು 14400. 36000 ಎಲ್ಲಿ, 14400 ಎಲ್ಲಿ.

ಪ್ರ: ರೌಂಡ್ ಟೇಬಲ್‌ಗೆ ಯಾಕೆ ಒಂದು ಕಮ್ಮಿ ಮಾಡ್ತಾರೆ?

ಎಲ್ರೂ ಒಂದೊಂದು ಸೀಟು ಪಕ್ಕಕ್ಕೆ ಸರಿದ್ರೆ ಯಾರ ಎಡಕ್ಕೆ ಯಾರು, ಬಲಕ್ಕೆ ಯಾರು ಅನ್ನೋದು ಬದಲಾಗಲ್ಲ. 5 ಜನ ಇದ್ರೆ ಹೀಗೆ 5 ಸಲ ಸರಿದ್ರೂ ಒಂದೇ, 120 ÷ 5 = 24, ಅಂದ್ರೆ 4!. ಕುರ್ಚಿಗಳಿಗೆ ನಂಬರ್ ಇದ್ರೆ ಅಥವಾ ಒಂದು ಕುರ್ಚಿ ಸ್ಪೆಶಲ್ ಆಗಿದ್ರೆ ಈ ಭಾಗಾಕಾರ ಮಾಡಬಾರ್ದು, ಆಗ 120ನೇ. ಬೇರೆ ಬೇರೆ ಬಣ್ಣದ ಮಣಿಗಳ ಸರ ಆದ್ರೆ ಉಲ್ಟಾ ಮಾಡಿ ಇಟ್ರೂ ಅದೇ ಸರ, ಅದಕ್ಕೆ ಇನ್ನೂ 2ರಿಂದ ಭಾಗಿಸಿ 12, ಮಣಿಗಳು ಮೂರಕ್ಕಿಂತ ಕಮ್ಮಿ ಇರಬಾರ್ದು ಅಷ್ಟೇ.

ಈಗ ಮೇಲೆ ಹೇಳಿದ್ನಲ್ಲ, "ಅಷ್ಟಷ್ಟೇ ಸಲ" ಸುಳ್ಳಾಗೋ ಎರಡನೇ ಕಡೆ ಇದು. ಒಂದೇ ಥರದ 2 ಕೆಂಪು, 2 ನೀಲಿ ಮಣಿಗಳನ್ನ ವೃತ್ತಾಕಾರವಾಗಿ ಇಡ್ಬೇಕು. ಸಾಲಾಗಿ ಇಡೋಕೆ 6 ರೀತಿ, ವೃತ್ತ ಅಲ್ವಾ, 4ರಿಂದ ಭಾಗಿಸಿ... ಒಂದೂವರೆ! ಒಂದೂವರೆ ರೀತೀಲಿ ಇಡೋದು ಹೇಗೆ? ನಿಜವಾದ ಉತ್ತರ 2: ಕೆಂಪು-ಕೆಂಪು-ನೀಲಿ-ನೀಲಿ ಒಂದು, ಕೆಂಪು-ನೀಲಿ-ಕೆಂಪು-ನೀಲಿ ಇನ್ನೊಂದು. ಮೊದಲನೇದನ್ನ ತಿರುಗಿಸಿದ್ರೆ 4 ಬೇರೆ ಸಾಲು ಸಿಗುತ್ತೆ, ಎರಡನೇದನ್ನ ತಿರುಗಿಸಿದ್ರೆ 2 ಮಾತ್ರ, 4 + 2 = 6. ಎಲ್ಲಾನೂ ಸಮನಾಗಿ ರಿಪೀಟ್ ಆಗದಿದ್ದಾಗ ಕಣ್ಮುಚ್ಚಿ ಭಾಗಿಸಬಾರ್ದು. ಇಂಥವಕ್ಕೆ ಬರ್ನ್‌ಸೈಡ್ ಲೆಮ್ಮಾ ಅಂತ ಒಂದು ದಾರಿ ಇದೆ, ಡಿಗ್ರಿ ಲೆವೆಲ್‌ನಲ್ಲಿ ಬರುತ್ತೆ, ಚಿಕ್ಕ ಲೆಕ್ಕ ಆದ್ರೆ ಕೈಯಲ್ಲೇ ಬರ್ದು ಎಣಿಸಿ.

ಪ್ರ: ಜನರನ್ನ ಗುಂಪು ಮಾಡೋ ಲೆಕ್ಕದಲ್ಲಿ ಕೆಲವು ಸಲ ಇನ್ನೊಂದು ಭಾಗಾಕಾರ ಯಾಕೆ ಬರುತ್ತೆ?

ಅ, ಆ, ಇ, ಈ ನಾಲ್ಕು ಜನರನ್ನ ಇಬ್ಬಿಬ್ಬರ ಎರಡು ಜೋಡಿ ಮಾಡಿ ಅಂದ್ರೆ 4ಸಿ2 = 6 ಅಂತೀರ. ಬರ್ದು ನೋಡಿ: ಅಆ-ಇಈ, ಅಇ-ಆಈ, ಅಈ-ಆಇ, ಮೂರೇ ಇರೋದು. ಅಆ ಆರಿಸಿದ್ರೆ ಇಈ ಉಳೀತು, ಇಈ ಆರಿಸಿದ್ರೆ ಅಆ ಉಳೀತು, ಎರಡೂ ಒಂದೇ ಹಂಚಿಕೆ. ಆದ್ರೆ ಒಂದು ಜೋಡಿ ಅಡುಗೆಗೆ, ಇನ್ನೊಂದು ಕ್ಲೀನಿಂಗ್‌ಗೆ ಅಂತ ಹೆಸರು ಕೊಟ್ರೆ 6 ಸರಿ.

ಗಾತ್ರ ಬೇರೆ ಇದ್ರೆ ತಲೆಕೆಡಿಸ್ಕೋಬೇಡಿ, 5 ಜನರನ್ನ 2 ಮತ್ತು 3ರ ಗುಂಪು ಮಾಡೋಕೆ 10, ಗುಂಪಿನ ಗಾತ್ರಾನೇ ಅದರ ಹೆಸರಿದ್ದ ಹಾಗೆ. ಅದೇ 5 ಜನರನ್ನ 2, 2, 1 ಅಂತ ಮಾಡಿದ್ರೆ 5ಸಿ2 × 3ಸಿ2 = 30, 30 ÷ 2 = 15, ಒಂದೇ ಗಾತ್ರದ್ದು ಎರಡು ಗುಂಪಿರೋದ್ರಿಂದ 2!. 12 ಜನರನ್ನ ನಾಲ್ಕು ನಾಲ್ಕರ ಮೂರು ಗುಂಪು ಮಾಡೋಕೆ, ಗುಂಪಿಗೆ ಹೆಸರಿದ್ರೆ 12ಸಿ4 × 8ಸಿ4 = 34650, ಹೆಸರಿಲ್ಲ ಅಂದ್ರೆ 3!ರಿಂದ ಭಾಗಿಸಿ 5775.

ಪ್ರ: ಒಂದೇ ಥರದ 10 ಚೆಂಡನ್ನ 3 ಡಬ್ಬಿಗೆ ಹಾಕೋದು ಎಷ್ಟು ರೀತಿ?

ಚೆಂಡುಗಳಲ್ಲಿ ವ್ಯತ್ಯಾಸ ಇಲ್ಲ, ಡಬ್ಬಿಗಳಲ್ಲಿ ಇದೆ, ಹಾಗಾಗಿ ಯಾವ ಡಬ್ಬೀಲಿ *ಎಷ್ಟು* ಅನ್ನೋದಷ್ಟೇ ಮುಖ್ಯ. ಚೆಂಡುಗಳನ್ನ ಸಾಲಾಗಿಟ್ಟು ನಡುವೆ ಎರಡು ಗೆರೆ ಹಾಕಿ:

●●|●●●●●|●●●

ಇದರರ್ಥ 2, 5, 3. ಗೆರೆ ಅಕ್ಕಪಕ್ಕ ಬಂದ್ರೆ ಮಧ್ಯದ ಡಬ್ಬಿ ಖಾಲಿ. ಅಂದ್ರೆ ಒಟ್ಟು 12 ಜಾಗ, ಅದರಲ್ಲಿ ಗೆರೆಗೆ ಯಾವ 2 ಜಾಗ ಅನ್ನೋದಷ್ಟೇ ಪ್ರಶ್ನೆ, 12ಸಿ2 = 66. ಯಾವ ಡಬ್ಬೀನೂ ಖಾಲಿ ಇರಬಾರ್ದು ಅಂದ್ರೆ ಚೆಂಡುಗಳ ನಡುವಿನ 9 ಸಂದುಗಳಲ್ಲಿ 2 ಆರಿಸಿ, 9ಸಿ2 = 36. ಚೆಂಡುಗಳಿಗೆ ನಂಬರ್ ಬರ್ದಿದ್ರೆ ಕಥೇನೇ ಬೇರೆ, ಪ್ರತಿ ಚೆಂಡಿಗೂ 3 ಆಯ್ಕೆ, ಮೂರನ್ನ ಹತ್ತು ಸಲ ಗುಣಿಸಿ, 59049. ಡಬ್ಬಿ, ಚೆಂಡು, ಸಂಖ್ಯೆ ಎಲ್ಲಾ ಅದೇ, "ಯಾವ್ದು ಒಂದೇ ಥರ" ಅನ್ನೋದು ಮಾತ್ರ ಬದಲಾಯ್ತು, 66 ಹೋಗಿ 59049 ಆಯ್ತು.

ಪ್ರ: ಎಷ್ಟು ಬೇಕಾದ್ರೂ ಆರಿಸ್ಬಹುದು ಅಂದ್ರೆ ಎರಡರ ಘಾತ ಯಾಕೆ ಬರುತ್ತೆ? ಪಾಸ್ಕಲ್ ತ್ರಿಕೋನಕ್ಕೂ ಇದಕ್ಕೂ ಏನು ಸಂಬಂಧ?

ಪ್ರತಿ ವಸ್ತುವಿಗೂ ಎರಡೇ ದಾರಿ, ತಗೋಬೇಕು ಇಲ್ಲ ಬಿಡ್ಬೇಕು. 6 ವಸ್ತು ಇದ್ರೆ ಎರಡನ್ನ ಆರು ಸಲ ಗುಣಿಸಿ 64, ಏನೂ ತಗೊಳ್ದೇ ಇರೋದನ್ನ ಬಿಟ್ರೆ 63. ಆಯುರ್ವೇದದಲ್ಲಿ ಆರು ರಸಗಳಿಂದ 63 ಭೇದ ಅಂತ ಹೇಳ್ತಾರಲ್ಲ, ಅದು ಇದೇ ಲೆಕ್ಕ.

ಕನ್ನಡ ಛಂದಸ್ಸು ಓದಿದೋರಿಗೆ ಇದು ಇನ್ನೂ ಹತ್ರದ್ದು. ಮೂರು ಅಕ್ಷರದ ಗಣ, ಒಂದೊಂದು ಅಕ್ಷರ ಲಘು ಇಲ್ಲ ಗುರು, 2 × 2 × 2 = 8, ಅದಕ್ಕೇ "ಯಮಾತಾರಾಜಭಾನಸಲಗಂ"ನಲ್ಲಿ ಎಂಟೇ ಗಣ, ಒಂಬತ್ತನೇದು ಬರೋಕೆ ಚಾನ್ಸೇ ಇಲ್ಲ. ಈಗ ಅವನ್ನ ಗುರುಗಳ ಸಂಖ್ಯೆ ಪ್ರಕಾರ ಬೇರೆ ಮಾಡಿ. ಗುರು ಇಲ್ಲದ್ದು ನ-ಗಣ ಒಂದೇ. ಒಂದು ಗುರು ಇರೋದು ಜ, ಭ, ಸ, ಮೂರು. ಎರಡು ಗುರು ಇರೋದು ಯ, ತ, ರ, ಮೂರು. ಮೂರೂ ಗುರು ಮ-ಗಣ, ಒಂದು. 1, 3, 3, 1. ಇದು 3ಸಿ0, 3ಸಿ1, 3ಸಿ2, 3ಸಿ3, ಅಂದ್ರೆ ಪಾಸ್ಕಲ್ ತ್ರಿಕೋನದ (ಮೇಲಿನ ಸಾಲಿನ ಅಕ್ಕಪಕ್ಕದ ಎರಡೆರಡು ಸಂಖ್ಯೆ ಕೂಡಿ ಕೆಳಗಿನ ಸಾಲು ಬರೆಯೋ ತ್ರಿಕೋನ) ಸಾಲೇ. ಪಿಂಗಳನ ಛಂದಃಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನ ಮೇರು ಪ್ರಸ್ತಾರ ಅಂತ ವಿವರಿಸಿದಾನೆ, ಪಾಸ್ಕಲ್ ತನ್ನ ಗ್ರಂಥ ಬರೆದಿದ್ದು 1654ರ ಹೊತ್ತಿಗೆ.

ತ್ರಿಕೋನದಲ್ಲಿ ಮೇಲಿನ ಎರಡನ್ನ ಕೂಡಿದ್ರೆ ಕೆಳಗಿಂದು ಬರೋದಕ್ಕೂ ಕಾರಣ ಇದೆ. ಐದು ಜನರಲ್ಲಿ ಮೂರು ಜನರನ್ನ ಆರಿಸೋವಾಗ ಒಬ್ಬನ ಮೇಲೆ ಬೆರಳಿಡಿ. ಅವನು ಇದ್ರೆ ಉಳಿದ ನಾಲ್ವರಲ್ಲಿ ಇಬ್ಬರು ಬೇಕು, 6. ಅವನು ಇಲ್ಲ ಅಂದ್ರೆ ನಾಲ್ವರಲ್ಲಿ ಮೂವರು ಬೇಕು, 4. ಒಟ್ಟು 10.

ಪ್ರ: ಶೇಕ್‌ಹ್ಯಾಂಡ್, ಕರ್ಣ, ಚೌಕಳಿ ದಾರಿ, ಇವೆಲ್ಲಾ ಬೇರೆ ಬೇರೆ ಫಾರ್ಮುಲಾನಾ?

ಇಲ್ಲ, ಎಲ್ಲಾ ಎನ್‌ಸಿಆರ್ ವೇಷ ಹಾಕ್ಕೊಂಡು ಬಂದಿರೋದು. 10 ಜನ ಒಬ್ಬರಿಗೊಬ್ಬರು ಕೈ ಕುಲುಕಿದ್ರೆ 10ಸಿ2 = 45. ಹತ್ತು ಬಾಹುಗಳ ಬಹುಭುಜದಲ್ಲಿ ಅದೇ 45ರಲ್ಲಿ 10 ಬಾಹುಗಳನ್ನ ಕಳೆದ್ರೆ 35 ಕರ್ಣಗಳು. ಚೌಕಳೀಲಿ ಬಲಕ್ಕೆ 4, ಮೇಲಕ್ಕೆ 3 ಹೆಜ್ಜೆ ಹೋಗ್ಬೇಕು ಅಂದ್ರೆ 7 ಹೆಜ್ಜೇಲಿ ಮೇಲಕ್ಕೆ ಹೋಗೋ 3 ಯಾವ್ದು ಅನ್ನೋದು, 7ಸಿ3 = 35.

ಪ್ರ: ಪ್ರಾಬಬಿಲಿಟೀಲಿ ಇದನ್ನ ಬಳಸೋವಾಗ ಏನು ನೋಡ್ಕೋಬೇಕು?

ಎಣಿಸೋ ಪ್ರತಿಯೊಂದೂ ಸಮಾನ ಸಾಧ್ಯತೆ ಇರೋದಾಗಿರ್ಬೇಕು. ಒಂದೇ ಥರ ಕಾಣೋ ಎರಡು ದಾಳ ಎಸೆದ್ರೆ ಕಣ್ಣಿಗೆ ಕಾಣೋ ಫಲಿತಾಂಶ 21, ಮೊತ್ತ 7 ಬರೋದು ಅದರಲ್ಲಿ 3, ಹಾಗಾದ್ರೆ 1/7 ಅಂತ ಹೇಳಿದ್ರೆ ತಪ್ಪು. (3,4) ಎರಡು ರೀತೀಲಿ ಬೀಳುತ್ತೆ, (3,3) ಒಂದೇ ರೀತೀಲಿ. ದಾಳಗಳಿಗೆ ಬೇರೆ ಬಣ್ಣ ಇದೆ ಅನ್ಕೊಂಡು 36 ಎಣಿಸಿ, 6/36 = 1/6, ಇದು ಸರಿ. ನಾವು ಒಂದೇ ಅಂದ್ಕೊಂಡ್ರೂ ದಾಳಕ್ಕೆ ಅದು ಗೊತ್ತಿಲ್ಲ.

23 ಜನ ಇರೋ ರೂಮಲ್ಲಿ ಯಾರಾದ್ರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರೋ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದಾಗ ಜನ ನಂಬಲ್ಲ. ಅವರು 23ನ್ನ ನೋಡ್ತಾರೆ, ನೋಡ್ಬೇಕಾಗಿರೋದು ಜೋಡಿಗಳನ್ನ, 23ಸಿ2 = 253.

ಪ್ರ: ಎಲ್ಲಾ ಲೆಟರ್‌ಗಳೂ ತಪ್ಪು ಕವರ್‌ಗೆ ಹೋಗೋ ಲೆಕ್ಕ ಹೇಗೆ?

ಇದಕ್ಕೆ ಡಿರೇಂಜ್‌ಮೆಂಟ್ ಅಂತಾರೆ. 4 ಲೆಟರ್ ಆದ್ರೆ ಒಟ್ಟು 24, ಅದರಲ್ಲಿ ಒಂದಾದ್ರೂ ಸರಿಯಾಗಿ ಹೋಗಿರೋದನ್ನ ಕಳೀಬೇಕು. ಆದ್ರೆ ಎರಡು ಸರಿ ಹೋಗಿರೋದನ್ನ ಎರಡು ಸಲ ಕಳೆದುಬಿಡ್ತೀವಿ, ಅದಕ್ಕೆ ವಾಪಸ್ ಕೂಡ್ಬೇಕು, ಮತ್ತೆ ಕಳೀಬೇಕು: 24 − 24 + 12 − 4 + 1 = 9 (ಕಳೆಯೋ 24 ಅಂದ್ರೆ 4ಸಿ1 × 3!, ಕೂಡೋ 12 ಅಂದ್ರೆ 4ಸಿ2 × 2!, ಹೀಗೇ ಮುಂದಕ್ಕೆ). ಐದು ಲೆಟರ್‌ಗೆ 44. ಲೆಟರ್ ಎಷ್ಟೇ ಜಾಸ್ತಿ ಆದ್ರೂ ಎಲ್ಲಾ ತಪ್ಪಾಗೋ ಸಾಧ್ಯತೆ ಸುಮಾರು 0.368ರ ಹತ್ರ ನಿಂತುಬಿಡುತ್ತೆ, ಹತ್ತಾಗ್ಲಿ ಹತ್ತು ಸಾವಿರ ಆಗ್ಲಿ.

ಪ್ರ: ಇದನ್ನೆಲ್ಲಾ ಮೊದ್ಲು ಯಾರು ಕಂಡುಹಿಡಿದ್ರು?

ಒಬ್ಬರು ಅಂತ ಹೇಳೋಕಾಗಲ್ಲ. ಆದ್ರೆ ಎನ್‌ಸಿಆರ್‌ಗೆ ಸಾಮಾನ್ಯ ನಿಯಮ ಕೊಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸುಮಾರು 850ರಲ್ಲಿ, ಗಣಿತಸಾರ ಸಂಗ್ರಹದಲ್ಲಿ. ಒಂದು ಸಾಲಲ್ಲಿ ಏರಿಕೆ ಕ್ರಮ, ಇನ್ನೊಂದು ಸಾಲಲ್ಲಿ ಇಳಿಕೆ ಕ್ರಮ ಬರ್ದು ಗುಣಿಸಿ ಭಾಗಿಸೋದು, ಅಂದ್ರೆ ಮೇಲೆ 100ಸಿ3ಗೆ ಮಾಡಿದ್ವಲ್ಲ ಅದೇ ವಿಧಾನ. 1150ರ ಲೀಲಾವತೀಲಿ ಭಾಸ್ಕರಾಚಾರ್ಯ ಶಿವನ ಹತ್ತು ಕೈಗಳಿಗೆ ಹತ್ತು ಆಯುಧ ಎಷ್ಟು ರೀತೀಲಿ ಕೊಡ್ಬಹುದು ಅಂತ ಕೇಳ್ತಾನೆ, ಉತ್ತರ 10! = 3628800. ಆರು ವಾರಕ್ಕೆ ಎಷ್ಟು ಸೆಕೆಂಡು ಅಂತ ಲೆಕ್ಕ ಹಾಕಿ ನೋಡಿ, ಅದೂ ಕರೆಕ್ಟಾಗಿ ಇದೇ ಸಂಖ್ಯೆ.

ಪ್ರ: ಪ್ರೋಗ್ರಾಂನಲ್ಲಿ ಫ್ಯಾಕ್ಟೋರಿಯಲ್ ಹಾಕಿದ್ರೆ ನೆಗೆಟಿವ್ ಸಂಖ್ಯೆ ಬರ್ತಿದೆ, ಯಾಕೆ?

ಓವರ್‌ಫ್ಲೋ, ಅಂದ್ರೆ ಸಂಖ್ಯೆ ಅದಕ್ಕೆ ಕೊಟ್ಟಿರೋ ಜಾಗದಲ್ಲಿ ಹಿಡಿಸ್ದೆ ತುಂಬಿ ಹರಿಯೋದು. 32 ಬಿಟ್ ಪೂರ್ಣಾಂಕದಲ್ಲಿ 12!ವರೆಗೆ ಹಿಡಿಸುತ್ತೆ, ಅದು 479001600, 13! ಹಿಡಿಸಲ್ಲ. 64 ಬಿಟ್ ಆದ್ರೆ 20!ವರೆಗೆ. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 69!ವರೆಗೆ ಹೋಗಿ ಸುಸ್ತಾಗುತ್ತೆ, 70! ನೂರು ಅಂಕಿ ದಾಟಿಹೋಗುತ್ತೆ. 52 ಇಸ್ಪೀಟ್ ಎಲೆಗಳನ್ನ ಜೋಡಿಸೋ ರೀತಿಗಳೇ 68 ಅಂಕಿಯ ಸಂಖ್ಯೆ.

ಎನ್‌ಸಿಆರ್ ಬೇಕು ಅಂದ್ರೆ ಮೂರು ಫ್ಯಾಕ್ಟೋರಿಯಲ್ ಮಾಡಿ ಭಾಗಿಸೋಕೆ ಹೋಗ್ಬೇಡಿ, ಉತ್ತರ ಚಿಕ್ಕದಿದ್ರೂ ಮಧ್ಯದಲ್ಲೇ ಒಡೆದುಹೋಗುತ್ತೆ. ಒಂದು ಸಂಖ್ಯೆಯಿಂದ ಗುಣಿಸಿ, ತಕ್ಷಣ ಒಂದರಿಂದ ಭಾಗಿಸಿ, ಹೀಗೆ ಲೂಪ್ ಹಾಕಿ: 100 ÷ 1 = 100, ಅದಕ್ಕೆ × 99 ÷ 2 = 4950, ಅದಕ್ಕೆ × 98 ÷ 3 = 161700. ಪ್ರತಿ ಹಂತದಲ್ಲೂ ಪೂರ್ಣಾಂಕಾನೇ ಬರುತ್ತೆ, ಯಾಕಂದ್ರೆ ಮಧ್ಯ ಸಿಗ್ತಿರೋದು 100ಸಿ1, 100ಸಿ2, 100ಸಿ3. ಗುಣಿಸೋದು ಮೊದ್ಲು, ಭಾಗಿಸೋದು ಆಮೇಲೆ, ಅದನ್ನ ಉಲ್ಟಾ ಬರೆದ್ರೆ ಶೇಷ ಬಿದ್ದುಹೋಗಿ ಉತ್ತರ ತಪ್ಪಾಗುತ್ತೆ.